‘ಸಂಶೋಧನೆ ಹೇಳುತ್ತದೆ’ ಅಂದಾಗ ನಾವು ಕೇಳಬೇಕಾದ ಪ್ರಶ್ನೆಗಳು

‘ಹೊಸ ಅಧ್ಯಯನದಿಂದ ಬಹಿರಂಗ’, ‘ವಿಜ್ಞಾನಿಗಳ ಪ್ರಕಾರ’, ‘ವೈಜ್ಞಾನಿಕವಾಗಿ ಸಾಬೀತಾಗಿದೆ’. ಈ ಮೂರು ಮಾತುಗಳಲ್ಲಿ ಒಂದಾದರೂ ಇಲ್ಲದ ದಿನ ನಮ್ಮ ಮೊಬೈಲ್‌ನಲ್ಲಿ ಇಲ್ಲ. ಕಾಫಿ ಒಳ್ಳೆಯದು ಅಂತ ಸೋಮವಾರ, ಕೆಟ್ಟದ್ದು ಅಂತ ಗುರುವಾರ. ಇದು ಕಾಫಿಯ ವಿಷಯಕ್ಕೆ ಮುಗಿದಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಆದರೆ ಇದೇ ಮಾತುಗಳನ್ನು ಮುಂದಿಟ್ಟುಕೊಂಡು ಸರ್ಕಾರಗಳು ಯೋಜನೆ ರೂಪಿಸುತ್ತವೆ, ಕಂಪನಿಗಳು ಮಾತ್ರೆ ಮಾರುತ್ತವೆ, ಬಡವರು ಯಾಕೆ ಬಡವರಾಗಿದ್ದಾರೆ ಎಂಬುದಕ್ಕೆ ಟಿವಿಯಲ್ಲಿ ಕೂತವರು ಕಾರಣ ಕೊಡುತ್ತಾರೆ.

ಹೀಗಾಗಿ ಒಂದು ಸಂಶೋಧನೆಯನ್ನು ಎಷ್ಟು ನಂಬಬೇಕು ಎಂಬುದು ರಾಜಕೀಯ ಪ್ರಶ್ನೆಯೂ ಹೌದು. ಮನಶ್ಶಾಸ್ತ್ರ, ವೈದ್ಯಕೀಯ, ಭೌತವಿಜ್ಞಾನ ಈ ಮೂರು ಕ್ಷೇತ್ರಗಳಲ್ಲಿ ಕಳೆದ ಎರಡು-ಮೂರು ದಶಕಗಳಲ್ಲಿ ನಡೆದ ಕೆಲವು ಪ್ರಕರಣಗಳನ್ನು ಇಟ್ಟುಕೊಂಡು ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋರುತ್ತದೆ, ಅದನ್ನು ಯಾರು ರಿಪೇರಿ ಮಾಡುತ್ತಿದ್ದಾರೆ ಅಂತ ಇಲ್ಲಿ ವಿವರಿಸುತ್ತೇನೆ. ನನ್ನ ವಾದ ಸರಳ: ಒಂದು ಪ್ರಬಂಧ ಅಂದರೆ ಒಂದು ಅಹವಾಲು ಅಷ್ಟೇ. ತೀರ್ಪು ಬರುವುದು ಬೇರೆಯವರು ಅದನ್ನು ಪರೀಕ್ಷಿಸಿದ ಮೇಲೆ.

ಪ್ರಬಂಧ ಹುಟ್ಟುವುದು ಹೇಗೆ?

ಸಂಶೋಧಕರು ಪ್ರಯೋಗ ಮಾಡುತ್ತಾರೆ, ಬರೆಯುತ್ತಾರೆ, ಒಂದು ಜರ್ನಲ್‌ಗೆ ಕಳಿಸುತ್ತಾರೆ. ಸಂಪಾದಕರು ಅದನ್ನು ಅದೇ ಕ್ಷೇತ್ರದ ಸಾಮಾನ್ಯವಾಗಿ ಇಬ್ಬರು ಮೂವರು ತಜ್ಞರಿಗೆ ಓದಲು ಕೊಡುತ್ತಾರೆ. ಇದಕ್ಕೇ ಪೀರ್ ರಿವ್ಯೂ, ಅಂದರೆ ಸಹವಿದ್ವಾಂಸರ ಪರಿಶೀಲನೆ ಅನ್ನುವುದು. ಅವರು ತಿದ್ದುಪಡಿ ಕೇಳಬಹುದು, ತಿರಸ್ಕರಿಸಿ ಎನ್ನಬಹುದು, ಒಪ್ಪಬಹುದು. ಬಹುತೇಕ ಸಂದರ್ಭಗಳಲ್ಲಿ ಈ ಕೆಲಸಕ್ಕೆ ಸಂಬಳ ಇಲ್ಲ.

ಇಲ್ಲಿ ತುಂಬಾ ಜನ ಗಮನಿಸದ ಒಂದು ವಿಷಯ ಇದೆ. ಈ ಪರಿಶೀಲಕರು ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ. ಎಷ್ಟೋ ಸಲ ಮೂಲ ದತ್ತಾಂಶವೂ ಅವರ ಕೈಗೆ ಸಿಗುವುದಿಲ್ಲ. ಅವರ ಮುಂದಿರುವುದು ಬರೆದ ಪುಟಗಳು ಮಾತ್ರ. ತರ್ಕ ಸರಿ ಇದೆಯಾ, ವಿಧಾನ ಒಪ್ಪುವಂಥದ್ದಾ ಅಂತ ಅವರು ನೋಡಬಲ್ಲರು. ಒಬ್ಬ ವ್ಯಕ್ತಿ ಮನೆಯಲ್ಲಿ ಕೂತು ಅಂಕಿ-ಅಂಶ ಸೃಷ್ಟಿಸಿದ್ದರೆ ಅದನ್ನು ಹಿಡಿಯುವುದು ಅವರಿಗೆ ಕಷ್ಟ. ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಸಾಮಾಜಿಕ ಮನಶ್ಶಾಸ್ತ್ರಜ್ಞ ಡೀಡರಿಕ್ ಸ್ಟಾಪೆಲ್ ವರ್ಷಗಟ್ಟಲೆ ಹಾಗೇ ಮಾಡಿದ್ದರು. 2011ರಲ್ಲಿ ಸಿಕ್ಕಿಬಿದ್ದರು. ಅವರ 50ಕ್ಕೂ ಹೆಚ್ಚು ಪ್ರಬಂಧಗಳನ್ನು ಜರ್ನಲ್‌ಗಳು ವಾಪಸ್ ಪಡೆದವು. ಅನುಮಾನ ಪಟ್ಟು ದೂರು ಕೊಟ್ಟವರು ಅದೇ ವಿಭಾಗದ ಯುವ ಸಂಶೋಧಕರು.

ಹಾಗಾಗಿ ‘ಜರ್ನಲ್‌ನಲ್ಲಿ ಬಂದಿದೆ’ ಅನ್ನುವುದು ಮೊದಲ ಗೇಟು ದಾಟಿದ ಗುರುತು. ಅದಕ್ಕಿಂತ ಹೆಚ್ಚು ಅರ್ಥ ಅದಕ್ಕಿಲ್ಲ.

20ರಲ್ಲಿ ಒಂದು: ಪಿ-ಮೌಲ್ಯದ ಕಥೆ

ಪ್ರಬಂಧಗಳಲ್ಲಿ ‘ಫಲಿತಾಂಶ ಗಣನೀಯ’ ಅನ್ನುವ ಮಾತು ಬರುತ್ತದೆ. ಇದರ ಹಿಂದೆ ಪಿ-ಮೌಲ್ಯ ಎಂಬ ಅಂಕಿ ಇದೆ. ಒಂದು ಔಷಧಿಗೆ ನಿಜವಾಗಿ ಯಾವ ಪರಿಣಾಮವೂ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು? ಆ ಸಾಧ್ಯತೆಯೇ ಪಿ-ಮೌಲ್ಯ. ಅದು 0.05ಕ್ಕಿಂತ, ಅಂದರೆ 20ರಲ್ಲಿ ಒಂದಕ್ಕಿಂತ ಕಡಿಮೆ ಇದ್ದರೆ ‘ಗಣನೀಯ’ ಅನ್ನುವುದು ಅನೇಕ ಕ್ಷೇತ್ರಗಳ ರೂಢಿ. ಈ ಗೆರೆಯನ್ನು ಪ್ರಕೃತಿ ಹಾಕಿಕೊಟ್ಟಿಲ್ಲ, ನಾವು ಹಾಕಿಕೊಂಡಿದ್ದು.

ತೊಂದರೆ ಶುರುವಾಗುವುದು ಇಲ್ಲೇ. ಕ್ರಿಕೆಟ್ ಕಾಮೆಂಟರಿ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ‘ಈ ಬ್ಯಾಟರ್ ಚಿನ್ನಸ್ವಾಮಿಯಲ್ಲಿ, ರಾತ್ರಿ ಪಂದ್ಯದಲ್ಲಿ, ಎಡಗೈ ಸ್ಪಿನ್ ಎದುರು ಎರಡನೇ ಇನಿಂಗ್ಸ್‌ನಲ್ಲಿ ಔಟೇ ಆಗಿಲ್ಲ’ ಅಂತಾರಲ್ಲ, ಹಾಗೆ. ಷರತ್ತುಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಅದ್ಭುತ ಅಂಕಿ ಸಿಕ್ಕೇ ಸಿಗುತ್ತದೆ. ಸಂಶೋಧನೆಯಲ್ಲೂ ಅಷ್ಟೇ. ಗಂಡಸರನ್ನು ಮಾತ್ರ ತಗೊಂಡರೆ? ವಯಸ್ಸಾದವರನ್ನು ಬಿಟ್ಟರೆ? ಇನ್ನೂ ಹತ್ತು ಜನರನ್ನು ಸೇರಿಸಿದರೆ? ಹೀಗೆ ಹುಡುಕಿ, ಸಿಕ್ಕಿದ್ದನ್ನು ಮಾತ್ರ ಬರೆದರೆ ಅದು ಸುಳ್ಳು ಹೇಳಿದಂತೆ ಕಾಣುವುದಿಲ್ಲ. ಆದರೆ ಫಲಿತಾಂಶ ಸುಳ್ಳೇ ಆಗಿರಬಹುದು.

2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸೋನ್ ಎಂಬ ಮೂವರು ಸಂಶೋಧಕರು ಇದನ್ನು ತಮಾಷೆಯಾಗಿಯೇ ತೋರಿಸಿಕೊಟ್ಟರು. ನಿಜವಾದ ವಿದ್ಯಾರ್ಥಿಗಳು, ನಿಜವಾದ ದತ್ತಾಂಶ, ಆಗ ಚಾಲ್ತಿಯಲ್ಲಿದ್ದ ವಿಧಾನಗಳು. ಇವುಗಳನ್ನೇ ಬಳಸಿ, ಬೀಟಲ್ಸ್ ತಂಡದ ಒಂದು ಹಾಡು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಗುತ್ತದೆ ಎಂದು ‘ಗಣನೀಯ’ವಾಗಿ ಸಾಬೀತು ಮಾಡಿದರು! ಹಾಡು ಕೇಳಿದರೆ ಹುಟ್ಟಿದ ದಿನಾಂಕ ಬದಲಾಗಲ್ಲ ಅಂತ ಎಲ್ಲರಿಗೂ ಗೊತ್ತು. ಇಂಥ ನಾಲ್ಕು ಬಗೆಯ ಸಡಿಲಿಕೆ ಒಟ್ಟಿಗೆ ಸೇರಿದರೆ, ಇಲ್ಲದ ಪರಿಣಾಮ ಇದೆ ಎಂದು ಕಾಣುವ ಸಾಧ್ಯತೆ ಶೇ.5ರಿಂದ ಶೇ.60ರ ಆಸುಪಾಸಿಗೆ ಏರುತ್ತದೆ ಎಂದೂ ಅವರು ಲೆಕ್ಕ ತೋರಿಸಿದರು.

ಮನಶ್ಶಾಸ್ತ್ರ: ನೂರು ಪ್ರಯೋಗ, ಮತ್ತೊಮ್ಮೆ

ಅದೇ 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಡ್ಯಾರಿಲ್ ಬೆಮ್ ಒಂದು ಪ್ರತಿಷ್ಠಿತ ಜರ್ನಲ್‌ನಲ್ಲಿ ಒಂಬತ್ತು ಪ್ರಯೋಗಗಳ ಪ್ರಬಂಧ ಪ್ರಕಟಿಸಿದರು. ಮನುಷ್ಯರಿಗೆ ಭವಿಷ್ಯ ಮೊದಲೇ ತಿಳಿಯುತ್ತದೆ ಎಂಬುದು ಅದರ ಸಾರ. ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗ ಏನೂ ಸಿಗಲಿಲ್ಲ. ಅದನ್ನು ಬರೆದು ಅದೇ ಜರ್ನಲ್‌ಗೆ ಕಳಿಸಿದರೆ, ‘ಮರುಪ್ರಯೋಗಗಳನ್ನು ನಾವು ಪ್ರಕಟಿಸುವುದಿಲ್ಲ’ ಎಂಬ ಉತ್ತರ ಬಂತು. ಹೊಸ ಹೇಳಿಕೆಗೆ ಜಾಗ ಉಂಟು, ಅದನ್ನು ಪರೀಕ್ಷಿಸಿದ್ದಕ್ಕೆ ಜಾಗ ಇಲ್ಲ. ಮನಶ್ಶಾಸ್ತ್ರಜ್ಞರಲ್ಲಿ ಅನೇಕರಿಗೆ ತಮ್ಮ ಮನೆಯ ಬುನಾದಿಯ ಬಗ್ಗೆಯೇ ಅನುಮಾನ ಬಂದದ್ದು ಆಗ.

ಬ್ರಿಯಾನ್ ನೋಸೆಕ್ ನೇತೃತ್ವದಲ್ಲಿ ಸುಮಾರು 270 ಸಂಶೋಧಕರು ಒಟ್ಟುಗೂಡಿ, 2008ರಲ್ಲಿ ಮೂರು ಪ್ರಮುಖ ಜರ್ನಲ್‌ಗಳಲ್ಲಿ ಬಂದಿದ್ದ ನೂರು ಅಧ್ಯಯನಗಳನ್ನು ಮತ್ತೆ ಮಾಡಿದರು. 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂಲ ಅಧ್ಯಯನಗಳಲ್ಲಿ ಶೇ.97ರಷ್ಟು ‘ಗಣನೀಯ’ ಫಲಿತಾಂಶ ಕೊಟ್ಟಿದ್ದವು. ಮರುಪ್ರಯೋಗದಲ್ಲಿ ಹಾಗೆ ಬಂದದ್ದು ಶೇ.36 ಮಾತ್ರ. ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು. ಉಳಿದದ್ದೆಲ್ಲ ಮೋಸ ಎಂದು ಇದರ ಅರ್ಥವಲ್ಲ. ಕೆಲವು ಆಕಸ್ಮಿಕ, ಕೆಲವು ಸಣ್ಣ ಮಾದರಿಯ ಸಮಸ್ಯೆ, ಕೆಲವು ಕಡೆ ಮರುಪ್ರಯೋಗವೇ ಎಡವಿರಬಹುದು. ಆದರೂ ‘ಮನಶ್ಶಾಸ್ತ್ರ ಸಾಬೀತು ಮಾಡಿದೆ’ ಅಂತ ಭಾಷಣ ಹೊಡೆಯುವವರು ಈ ಎರಡು ಅಂಕಿಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ನನಗೆ ಇದರಲ್ಲಿ ಅತ್ಯಂತ ರಾಜಕೀಯ ಅನ್ನಿಸುವುದು ಮಾರ್ಷ್‌ಮೆಲೋ ಪ್ರಯೋಗ. ಮಾರ್ಷ್‌ಮೆಲೋ ಅಂದರೆ ಹತ್ತಿಯಂತೆ ಮೆದುವಾದ ಒಂದು ಸಿಹಿತಿಂಡಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ ಶಿಶುವಿಹಾರದ ಮಕ್ಕಳ ಮುಂದೆ ಒಂದು ತಿಂಡಿ ಇಟ್ಟು, ‘ನಾನು ಬರುವ ತನಕ ತಿನ್ನದೆ ಇದ್ದರೆ ಎರಡು ಕೊಡುತ್ತೇನೆ’ ಅಂದರು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಎಂದು ನಂತರದ ವರದಿಗಳು ಹೇಳಿದವು. ಅಲ್ಲಿಂದ ಶುರುವಾಯಿತು ನೋಡಿ ಸಂಯಮದ ಪ್ರವಚನ. ‘ಯಶಸ್ಸಿನ ಗುಟ್ಟು ಆತ್ಮಸಂಯಮ’ ಅಂತ ಪುಸ್ತಕಗಳು, ಭಾಷಣಗಳು, ಶಾಲೆಗಳಲ್ಲಿ ತರಬೇತಿಗಳು. ಈ ಮಾತಿನ ಇನ್ನೊಂದು ತುದಿಯಲ್ಲಿ ಇರುವುದು: ಸೋತವರಿಗೆ ಸಂಯಮ ಇರಲಿಲ್ಲ, ಅಷ್ಟೇ.

2018ರಲ್ಲಿ ವಾಟ್ಸ್, ಡಂಕನ್, ಕ್ವಾನ್ ಎಂಬ ಸಂಶೋಧಕರು 900ಕ್ಕೂ ಹೆಚ್ಚು ಮಕ್ಕಳ ದತ್ತಾಂಶ ತೆಗೆದು ನೋಡಿದರು. ಮೂಲ ಅಧ್ಯಯನದ ಮಕ್ಕಳು ಒಂದೇ ವಿಶ್ವವಿದ್ಯಾಲಯದ ಶಿಶುವಿಹಾರದವರು. ಇಲ್ಲಿ ಬೇರೆ ಬೇರೆ ಹಿನ್ನೆಲೆಯ, ತಾಯಂದಿರು ಪದವಿ ಓದಿಲ್ಲದ ಮನೆಗಳ ಮಕ್ಕಳೂ ಇದ್ದರು. ಕಾಯುವುದಕ್ಕೂ ಮುಂದಿನ ಅಂಕಗಳಿಗೂ ಇದ್ದ ಸಂಬಂಧ ಮೊದಲು ಹೇಳಿದ್ದರ ಅರ್ಧದಷ್ಟಿತ್ತು. ಕುಟುಂಬದ ಹಿನ್ನೆಲೆ, ಮನೆಯ ವಾತಾವರಣ, ಮಗುವಿನ ಆರಂಭಿಕ ಕಲಿಕೆ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡಾಗ ಅದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು. ಕೊಡುತ್ತೇನೆ ಅಂದದ್ದು ನಾಳೆ ಸಿಗುತ್ತದೋ ಇಲ್ಲವೋ ಎಂಬ ಭರವಸೆಯೇ ಇಲ್ಲದ ಮನೆಯಲ್ಲಿ, ಕೈಗೆ ಸಿಕ್ಕಿದ್ದನ್ನು ತಿನ್ನುವ ಮಗು ಹೆಚ್ಚು ಬುದ್ಧಿವಂತ ಅಲ್ವಾ? ‘ಮೀಸಲಾತಿ ಯಾಕೆ, ಕಷ್ಟಪಟ್ಟು ಓದಿದರೆ ಸಾಕು’ ಅನ್ನುವವರ ಎದುರು ಕೂತಾಗ ಈ ಪ್ರಯೋಗದ ಎರಡೂ ಅಧ್ಯಾಯಗಳು ನಮಗೆ ಗೊತ್ತಿರಬೇಕು.

ಇನ್ನೊಂದು ಪ್ರಶ್ನೆ: ಯಾರ ಮನಸ್ಸಿನ ಶಾಸ್ತ್ರ ಇದು? ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಜರ್ನಲ್‌ಗಳನ್ನು ಪರಿಶೀಲಿಸಿದ 2008ರ ಒಂದು ವಿಶ್ಲೇಷಣೆಯ ಪ್ರಕಾರ ಪ್ರಯೋಗಗಳಿಗೆ ಒಳಗಾದವರಲ್ಲಿ ಶೇ.96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಪ್ರಪಂಚದ ಜನಸಂಖ್ಯೆಯಲ್ಲಿ ಆ ದೇಶಗಳ ಪಾಲು ಶೇ.12. ‘ಮನುಷ್ಯನ ಸ್ವಭಾವ ಹೀಗೆ’ ಎಂಬ ವಾಕ್ಯದಲ್ಲಿ ರಾಯಚೂರಿನ ಮನುಷ್ಯ ಸೇರಿದ್ದಾನಾ ಅಂತ ಕೇಳುವ ಹಕ್ಕು ನಮಗಿದೆ.

ವೈದ್ಯಕೀಯ: ಡ್ರಾಯರ್‌ನಲ್ಲಿ ಉಳಿದ ಫಲಿತಾಂಶಗಳು

ಊರಿನ ಜ್ಯೋತಿಷಿಯೊಬ್ಬ ಬಂದ ಗರ್ಭಿಣಿಯರಿಗೆಲ್ಲ ‘ಗಂಡುಮಗು’ ಅನ್ನುತ್ತಾನೆ ಅಂದುಕೊಳ್ಳಿ. ಹೆಚ್ಚುಕಮ್ಮಿ ಅರ್ಧದಷ್ಟು ಸಲ ಅದು ನಿಜವಾಗುತ್ತದೆ. ನಿಜವಾದವರು ಹಣ್ಣುಕಾಯಿ ಹಿಡಿದು ವಾಪಸ್ ಬರುತ್ತಾರೆ, ಊರೆಲ್ಲ ಹೇಳುತ್ತಾರೆ. ಸುಳ್ಳಾದವರು ಸುಮ್ಮನಾಗುತ್ತಾರೆ. ಸ್ವಲ್ಪ ದಿನದಲ್ಲಿ ಅವನ ಮಾತು ತಪ್ಪುವುದೇ ಇಲ್ಲ ಎಂಬ ಖ್ಯಾತಿ!

ಔಷಧಿಗಳ ವಿಷಯದಲ್ಲಿ ಹೀಗೇ ಆಗುತ್ತಿತ್ತು. ಖಿನ್ನತೆಗೆ ಕೊಡುವ ಮಾತ್ರೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ದಾಖಲಾಗಿದ್ದ 74 ಅಧ್ಯಯನಗಳನ್ನು ಎರಿಕ್ ಟರ್ನರ್ ಮತ್ತು ಸಂಗಡಿಗರು 2008ರಲ್ಲಿ ಹುಡುಕಿ ತೆಗೆದರು. ಸಂಸ್ಥೆಯ ಪ್ರಕಾರ 38ರಲ್ಲಿ ಫಲಿತಾಂಶ ಔಷಧಿಯ ಪರ ಇತ್ತು. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ ಫಲಿತಾಂಶ ಪರವಾಗಿ ಇರಲಿಲ್ಲ ಅಥವಾ ಅಸ್ಪಷ್ಟವಾಗಿತ್ತು. ಅವುಗಳ ಪೈಕಿ 22 ಪ್ರಕಟವಾಗಲೇ ಇಲ್ಲ. 11 ಪ್ರಕಟವಾದರೂ ಔಷಧಿ ಕೆಲಸ ಮಾಡುತ್ತದೆ ಎಂಬಂತೆ ಬರೆಯಲಾಗಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದ್ದು ಮೂರೇ ಮೂರು. ಜರ್ನಲ್ ಮಾತ್ರ ಓದುವ ವೈದ್ಯರಿಗೆ ಬಹುತೇಕ ಎಲ್ಲ ಅಧ್ಯಯನಗಳೂ ಯಶಸ್ವಿ ಎಂದೇ ಕಾಣುತ್ತಿತ್ತು. ಈ ಮಾತ್ರೆಗಳು ನಿರುಪಯುಕ್ತ ಎಂದು ಇದರ ಅರ್ಥ ಅಲ್ಲ, ಯಾರೂ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಅವುಗಳ ಪರಿಣಾಮವನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸಲಾಗಿತ್ತು ಎಂಬುದು ವಿಷಯ.

ಇದಕ್ಕೆ ಕಂಡುಕೊಂಡ ಮದ್ದು ಮುಂಗಡ ನೋಂದಣಿ. ಪ್ರಯೋಗ ಶುರು ಮಾಡುವ ಮೊದಲೇ, ಎಷ್ಟು ಜನರ ಮೇಲೆ, ಏನನ್ನು ಅಳೆಯುತ್ತೇವೆ ಎಂದು ಸಾರ್ವಜನಿಕ ದಾಖಲೆಯಲ್ಲಿ ಬರೆದಿಡಬೇಕು. ಆಮೇಲೆ ಗೋಲ್‌ಪೋಸ್ಟ್ ಸರಿಸಲು ಆಗುವುದಿಲ್ಲ. ಭಾರತದಲ್ಲಿ ಇಂಥ ದಾಖಲೆ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, 2007ರಲ್ಲಿ ಶುರುವಾಯಿತು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ತೆರೆದು ನೋಡಬಹುದು.

ಇದರಿಂದ ಏನು ಬದಲಾಗುತ್ತದೆ? ಅಮೆರಿಕದ ಸರ್ಕಾರಿ ಹೃದಯ ಸಂಶೋಧನಾ ಸಂಸ್ಥೆ ಹಣ ಕೊಟ್ಟ ದೊಡ್ಡ ಪ್ರಯೋಗಗಳನ್ನು 2015ರ ಒಂದು ಅಧ್ಯಯನ ಹೋಲಿಸಿತು. ನೋಂದಣಿ ರೂಢಿಗೆ ಬರುವ ಮುಂಚಿನ, 2000ಕ್ಕೆ ಮೊದಲಿನ 30 ಪ್ರಯೋಗಗಳಲ್ಲಿ 17 ‘ಲಾಭ ಇದೆ’ ಎಂದಿದ್ದವು. ಆಮೇಲಿನ 25ರಲ್ಲಿ ಹಾಗೆ ಹೇಳಿದ್ದು ಎರಡೇ. ಮೊದಲೇ ಬರೆದಿಡಬೇಕು ಅಂದ ತಕ್ಷಣ ಪವಾಡಗಳ ಸಂಖ್ಯೆ ಇಳಿಯಿತು.

ಕೆಟ್ಟ ಸಂಶೋಧನೆಯ ಬೆಲೆ ಏನು ಎಂದು ತಿಳಿಯಲು ಲಸಿಕೆಯ ಕಥೆ ಸಾಕು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಇತರರು ‘ಲ್ಯಾನ್ಸೆಟ್’ ಜರ್ನಲ್‌ನಲ್ಲಿ ಬರೀ 12 ಮಕ್ಕಳ ಪ್ರಬಂಧ ಪ್ರಕಟಿಸಿ, ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟು ಇರಬಹುದು ಎಂಬ ಭಯ ಹುಟ್ಟಿಸಿದರು. ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಸಿದ್ಧಪಡಿಸುತ್ತಿದ್ದ ವಕೀಲರಿಂದ ಅವರಿಗೆ ಹಣ ಬಂದಿತ್ತು ಎಂಬುದನ್ನು ಪತ್ರಕರ್ತ ಬ್ರಿಯಾನ್ ಡೀರ್ 2004ರಲ್ಲಿ ಹೊರಗೆಳೆದರು. ಜರ್ನಲ್ ಆ ಪ್ರಬಂಧವನ್ನು ಪೂರ್ತಿಯಾಗಿ ವಾಪಸ್ ಪಡೆದದ್ದು 2010ರಲ್ಲಿ, ಹನ್ನೆರಡು ವರ್ಷದ ನಂತರ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಈ ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ.80ರ ಹತ್ತಿರಕ್ಕೆ ಕುಸಿದು ಹೋಗಿತ್ತು. ಡೆನ್ಮಾರ್ಕ್‌ನಲ್ಲಿ 2019ರಲ್ಲಿ 6,57,461 ಮಕ್ಕಳ ಮೇಲೆ ನಡೆದ ಅಧ್ಯಯನ ಲಸಿಕೆಗೂ ಆಟಿಸಂಗೂ ಸಂಬಂಧವೇ ಇಲ್ಲ ಎಂದಿತು. 12 ಎಲ್ಲಿ, ಆರೂವರೆ ಲಕ್ಷ ಎಲ್ಲಿ! ಆದರೆ ಭಯಕ್ಕೆ ವಾಪಸ್ ಪಡೆಯುವ ವ್ಯವಸ್ಥೆ ಇಲ್ಲ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಾಟ್ಸಾಪ್‌ನಲ್ಲಿ ಹರಿದಾಡಿದ ವದಂತಿಗಳಿಗೆ ಉತ್ತರ ಕೊಡುವುದೇ ಆಗ ಆರೋಗ್ಯ ಕಾರ್ಯಕರ್ತರಿಗೆ ಇನ್ನೊಂದು ಕೆಲಸವಾಗಿತ್ತು.

ಕೋವಿಡ್ ಕಾಲದಲ್ಲಿ ಒಳ್ಳೆಯದು, ಕೆಟ್ಟದ್ದು ಎರಡೂ ಒಂದೇ ತಿಂಗಳಲ್ಲಿ ಕಂಡವು. 2020ರ ಮೇ 22ರಂದು ‘ಲ್ಯಾನ್ಸೆಟ್’ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂಬ ಪ್ರಬಂಧ ಬಂತು. ಆರು ಖಂಡಗಳು, 671 ಆಸ್ಪತ್ರೆಗಳು, 96,000 ರೋಗಿಗಳು ಎಂದು ಅದು ಹೇಳಿಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮಾತ್ರೆ ಕೊಡುವುದನ್ನೇ ತಡೆಹಿಡಿಯಿತು. ದತ್ತಾಂಶ ಕೊಟ್ಟದ್ದು ಸರ್ಜಿಸ್ಫಿಯರ್ ಎಂಬ ಸಣ್ಣ ಅಮೆರಿಕನ್ ಕಂಪನಿ. ಮೂಲ ದತ್ತಾಂಶ ತೋರಿಸಿ ಅಂದರೆ ಅದು ಒಪ್ಪಲಿಲ್ಲ. 13 ದಿನಗಳಲ್ಲಿ ಪ್ರಬಂಧ ವಾಪಸ್. ಅದೇ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗದ ಫಲಿತಾಂಶಗಳು ಬಂದವು. ಅಲ್ಲಿ ಯಾವ ರೋಗಿಗೆ ಯಾವ ಔಷಧಿ ಎಂಬುದನ್ನು ಲಾಟರಿಯಂತೆ ನಿರ್ಧರಿಸಿದ್ದರು. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆಯ ರೋಗಿಗಳಿಗೆ ಲಾಭ ಇಲ್ಲ ಎಂದು ತಿಳಿಯಿತು. ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ ಎಂದೂ ತಿಳಿಯಿತು. ಆ ಮಾತ್ರೆಯ ವಿಷಯದಲ್ಲಿ ‘ಕೆಲಸ ಮಾಡುವುದಿಲ್ಲ’ ಅನ್ನುವ ತೀರ್ಮಾನ ಕೊನೆಗೂ ನಿಂತಿತು, ಆದರೆ ಅದನ್ನು ನಿಲ್ಲಿಸಿದ್ದು ತೆರೆದ ಪ್ರಯೋಗವೇ ಹೊರತು ಮುಚ್ಚಿಟ್ಟ ದತ್ತಾಂಶ ಅಲ್ಲ.

ಭೌತವಿಜ್ಞಾನ: ‘ನಮ್ಮ ತಪ್ಪು ಹುಡುಕಿಕೊಡಿ’

ಕಣ ಭೌತವಿಜ್ಞಾನದಲ್ಲಿ ಗೆರೆಯೇ ಬೇರೆ. ಅಲ್ಲಿ ‘ಹೊಸದನ್ನು ಕಂಡುಹಿಡಿದೆವು’ ಎನ್ನಲು ಐದು ಸಿಗ್ಮಾ ಬೇಕು. ಅಂದರೆ ಇಲ್ಲದ್ದು ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು ಇರಬೇಕು. 2012ರಲ್ಲಿ ಹಿಗ್ಸ್ ಬೋಸಾನ್ ಘೋಷಿಸುವಾಗ ಎರಡು ಬೇರೆ ಬೇರೆ ತಂಡಗಳು, ಎರಡು ಬೇರೆ ಉಪಕರಣಗಳಲ್ಲಿ ಅದನ್ನೇ ಕಂಡಿದ್ದವು.

ಅದಕ್ಕೂ ಒಂದು ವರ್ಷ ಮೊದಲು, 2011ರ ಸೆಪ್ಟೆಂಬರ್‌ನಲ್ಲಿ, ‘ಒಪೆರಾ’ ತಂಡ ಬೆಚ್ಚಿಬೀಳಿಸುವ ಸುದ್ದಿ ಕೊಟ್ಟಿತ್ತು. ಜಿನೀವಾ ಬಳಿಯಿಂದ ಇಟಲಿಗೆ ಸುಮಾರು 730 ಕಿ.ಮೀ. ನೆಲದೊಳಗೆ ಸಾಗಿದ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಕಂಡಿತು. ನಿಜವಾಗಿದ್ದರೆ ಐನ್‌ಸ್ಟೈನ್ ಸಿದ್ಧಾಂತಕ್ಕೇ ಕೊಡಲಿ ಪೆಟ್ಟು. ಅವರು ಮಾಡಿದ್ದೇನು? ದತ್ತಾಂಶ ಮುಂದಿಟ್ಟು, ಎಲ್ಲಿ ತಪ್ಪಿದ್ದೇವೆ ನೋಡಿ ಎಂದು ಜಗತ್ತಿನ ವಿಜ್ಞಾನಿಗಳನ್ನು ಕೇಳಿದರು. 2012ರ ಆರಂಭದಲ್ಲಿ ಕಾರಣ ಸಿಕ್ಕಿತು: ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್!

ನಮ್ಮ ಬೆಂಗಳೂರಿನ ಉದಾಹರಣೆಯೂ ಇದೆ. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು, ಚಿನ್ನ-ಬೆಳ್ಳಿಯ ಅತಿಸೂಕ್ಷ್ಮ ಕಣಗಳ ವಸ್ತುವೊಂದು ಸಾಮಾನ್ಯ ಒತ್ತಡದಲ್ಲಿ, ಸೊನ್ನೆಗಿಂತ ಸುಮಾರು 37 ಡಿಗ್ರಿ ಸೆಲ್ಸಿಯಸ್ ಕೆಳಗೆ ಅತಿವಾಹಕವಾಗುತ್ತದೆ ಎಂದು ಪ್ರಕಟಣಾಪೂರ್ವ ಪ್ರಬಂಧ ಹಾಕಿದರು. ಅತಿವಾಹಕ ಅಂದರೆ ವಿದ್ಯುತ್ತನ್ನು ಕಿಂಚಿತ್ತೂ ನಷ್ಟವಿಲ್ಲದೆ ಹರಿಸುವ ವಸ್ತು. ಅದು ಇಷ್ಟು ಸುಲಭದ ತಾಪಮಾನದಲ್ಲಿ ಸಿಕ್ಕರೆ ಜಗತ್ತೇ ಬದಲಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಬ್ರಿಯಾನ್ ಸ್ಕಿನ್ನರ್ ಆ ನಕ್ಷೆಗಳನ್ನು ನೋಡುತ್ತಾ, ಎರಡು ಬೇರೆ ಬೇರೆ ಅಳತೆಗಳಲ್ಲಿ ಯಾದೃಚ್ಛಿಕ ಏರುಪೇರು, ಅಂದರೆ ‘ನಾಯ್ಸ್’, ಒಂದೇ ಥರ ಇರುವುದನ್ನು ಗುರುತಿಸಿ ಬರೆದರು. ಎರಡು ಸಲ ಮಳೆ ಬಂದಾಗ ಹನಿಗಳು ಅದೇ ಅದೇ ಜಾಗದಲ್ಲಿ ಬಿದ್ದಂತೆ ಅದು. 2019ರಲ್ಲಿ ತಂಡ ಹೆಚ್ಚಿನ ದತ್ತಾಂಶದೊಂದಿಗೆ ಹೊಸ ಆವೃತ್ತಿ ಹಾಕಿತು. ಆದರೆ ಆ ಹೇಳಿಕೆ ವಿಜ್ಞಾನಲೋಕದಲ್ಲಿ ಸ್ಥಾಪಿತ ಸತ್ಯವಾಗಿ ನಿಂತಿಲ್ಲ. ಯಾರ ಮೇಲೂ ಆರೋಪ ಹೊರಿಸುವುದು ನನ್ನ ಉದ್ದೇಶ ಅಲ್ಲ. ನಕ್ಷೆ ಸಾರ್ವಜನಿಕವಾಗಿದ್ದಕ್ಕೇ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು ಎಂಬುದನ್ನು ಗಮನಿಸಿ.

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ತಂಡ ‘ಎಲ್‌ಕೆ-99’ ಎಂಬ ವಸ್ತುವಿನ ಬಗ್ಗೆ ಇನ್ನೂ ದೊಡ್ಡ ಹೇಳಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ಮಾಡಿ ನೋಡಿದ ಮೊದಲಿಗರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಇತ್ತು. ಅವರ ಮಾದರಿ ಅತಿವಾಹಕವಾಗಲಿಲ್ಲ. ಆಗಸ್ಟ್ ಮಧ್ಯದ ಹೊತ್ತಿಗೆ ಆ ವಿಷಯ ಬಹುಮಟ್ಟಿಗೆ ಇತ್ಯರ್ಥವಾಗಿತ್ತು. ಲಸಿಕೆ ಪ್ರಬಂಧಕ್ಕೆ ಹನ್ನೆರಡು ವರ್ಷ ಬೇಕಾಯಿತು, ಇದಕ್ಕೆ ಒಂದು ತಿಂಗಳೂ ಬೇಕಾಗಲಿಲ್ಲ. ವಸ್ತು ತಯಾರಿಸುವ ವಿಧಾನವನ್ನು ಬರೆದು ಬಹಿರಂಗವಾಗಿ ಹಾಕಿದ್ದೇ ಇದಕ್ಕೆ ದೊಡ್ಡ ಕಾರಣ.

ಇದೆಲ್ಲ ಯಾಕೆ ಆಗುತ್ತದೆ?

ಕೆಟ್ಟ ಮನುಷ್ಯರು ಇದ್ದಾರೆ, ನಿಜ. ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಿದರೆ ವ್ಯವಸ್ಥೆ ತಪ್ಪಿಸಿಕೊಳ್ಳುತ್ತದೆ. ಕೆಲಸ, ಬಡ್ತಿ, ಅನುದಾನ ಎಲ್ಲವನ್ನೂ ಪ್ರಬಂಧಗಳ ಸಂಖ್ಯೆಗೆ ಕಟ್ಟಿಹಾಕಿದರೆ ಪ್ರಬಂಧಗಳ ಕಾರ್ಖಾನೆ ಹುಟ್ಟುತ್ತದೆ. ಹುಟ್ಟಿದೆ ಕೂಡ. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಪ್ರಬಂಧಗಳು ವಾಪಸ್ ಆದವು. ಅವುಗಳಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನದವು.

ನಮ್ಮಲ್ಲಿ ಪಿಎಚ್‌ಡಿ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಪ್ರಬಂಧ ಪ್ರಕಟಿಸಲೇಬೇಕು ಎಂಬ ನಿಯಮ ಇತ್ತು. ಅದು ದುಡ್ಡು ಕೊಟ್ಟರೆ ಏನನ್ನಾದರೂ ಛಾಪಿಸುವ ನಕಲಿ ಜರ್ನಲ್‌ಗಳಿಗೆ ಹಬ್ಬ ಮಾಡಿಕೊಟ್ಟಿತು. ಯುಜಿಸಿ 2022ರಲ್ಲಿ ಆ ಕಡ್ಡಾಯವನ್ನು ತೆಗೆಯಿತು. ಒಳ್ಳೆಯ ಜರ್ನಲ್‌ಗಳು ಯಾವುವು ಎಂದು ಹೇಳಲು ತಂದಿದ್ದ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಇನ್ನು ಹಣ: ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ.0.64, ಅದೂ 2020-21ರ ಸರ್ಕಾರಿ ಲೆಕ್ಕ. ಕಡಿಮೆ ಹಣ, ಹೆಚ್ಚು ಒತ್ತಡ. ಮರುಪ್ರಯೋಗಕ್ಕೆ ಯಾರು ದುಡ್ಡು ಕೊಡುತ್ತಾರೆ?

ತಮಾಷೆ ಏನೆಂದರೆ, ಸಂಶೋಧನೆಗೆ ಹಣ ಹಾಕುವವರು ನಾವು. ಪರಿಶೀಲಿಸುವವರು ಸಂಬಳ ಇಲ್ಲದ ಪ್ರಾಧ್ಯಾಪಕರು. ಓದಬೇಕಾದರೆ ಮತ್ತೆ ಪ್ರಕಾಶಕರಿಗೆ ದುಡ್ಡು. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಕಾಲೇಜಿನ ಹುಡುಗಿಗೆ ಸುಮಾರು 13,000 ಜರ್ನಲ್ ಸಿಗುವುದು ದೊಡ್ಡ ವಿಷಯವೇ. ಆದರೆ ಯಾವ ಸಂಸ್ಥೆಗೂ ಸೇರದ ಪತ್ರಕರ್ತ, ಹೋರಾಟಗಾರ್ತಿ, ಕುತೂಹಲದ ರೈತ, ಇವರೆಲ್ಲ ಇನ್ನೂ ಗೇಟಿನ ಹೊರಗೇ ಇದ್ದಾರೆ.

ಅಧಿಕಾರ ಉತ್ತರವನ್ನು ಮೊದಲೇ ಬರೆದಾಗ

2020ರ ಫೆಬ್ರವರಿಯಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ದೇಶಿ ಹಸುವಿನ ಉತ್ಪನ್ನಗಳ ಬಗ್ಗೆ ಸಂಶೋಧನೆಗೆ ಪ್ರಸ್ತಾವ ಆಹ್ವಾನಿಸಿತು. 500ಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ ವಿರೋಧಿಸಿದರು. ಹಸುವಿನ ಬಗ್ಗೆ ಸಂಶೋಧನೆಯೇ ಬೇಡ ಎಂಬುದು ಅವರ ವಾದ ಆಗಿರಲಿಲ್ಲ. ದೇಶಿ ಹಸುವಿಗೆ ವಿಶೇಷ ಗುಣ ಇದೆ ಎಂದು ಮೊದಲೇ ಒಪ್ಪಿಕೊಂಡು ಅದಕ್ಕೆ ಪುರಾವೆ ಹುಡುಕಿ ಎನ್ನುವಂತಿತ್ತು ಆಹ್ವಾನ. ಇದು ಆಟ ಮುಗಿಯುವ ಮುಂಚೆಯೇ ಕಪ್ ಕೊಟ್ಟಂತೆ.

ಅದೇ ವರ್ಷ ಜೂನ್‌ನಲ್ಲಿ ಪತಂಜಲಿ ಸಂಸ್ಥೆ ‘ಕೊರೊನಿಲ್’ ಬಿಡುಗಡೆ ಮಾಡಿ ಏಳು ದಿನದಲ್ಲಿ ಶೇ.100 ಗುಣ ಎಂದಿತು. ಆಧಾರ ಎಂದು ಹೇಳಿದ್ದು ನೂರರಷ್ಟೂ ಜನರಿಲ್ಲದ ಪ್ರಯೋಗ. ಅದರಲ್ಲಿದ್ದವರು ಲಕ್ಷಣ ಇಲ್ಲದವರು ಅಥವಾ ಸೌಮ್ಯ ಲಕ್ಷಣದವರು. ಅಂಥವರಲ್ಲಿ ಬಹುಪಾಲು ಜನ ಏನೂ ತಗೊಳ್ಳದೆಯೂ ಗುಣವಾಗುತ್ತಿದ್ದರು! ಆಯುಷ್ ಸಚಿವಾಲಯ ಅಂದೇ ವಿವರ ಕೇಳಿ ಜಾಹೀರಾತು ನಿಲ್ಲಿಸಲು ಹೇಳಿತು. ಕೋವಿಡ್ ಗುಣಪಡಿಸುತ್ತದೆ ಎಂಬ ಪ್ರಚಾರವನ್ನು ಅಂತರ್ಜಾಲದಿಂದ ತೆಗೆಯಿರಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿದ್ದು 2024ರ ಜುಲೈನಲ್ಲಿ.

ಹಾಗಾದರೆ ವಿಜ್ಞಾನವನ್ನೇ ನಂಬಬಾರದಾ?

ಇದು ನನಗೆ ಅತ್ಯಂತ ಅಪಾಯಕಾರಿ ಅನ್ನಿಸುವ ತೀರ್ಮಾನ. ‘ನೋಡಿ, ವಿಜ್ಞಾನಿಗಳೂ ಸುಳ್ಳು ಹೇಳುತ್ತಾರೆ, ಹಾಗಾಗಿ ನನ್ನ ಕಷಾಯವೂ ಸರಿ’ ಎನ್ನುವವರಿಗೆ ಮೇಲಿನ ಎಲ್ಲ ಪ್ರಕರಣಗಳೂ ಮೇವು. ಆದರೆ ಪ್ರತಿಯೊಂದನ್ನೂ ಹಿಡಿದವರು ಯಾರು ಎಂದು ನೋಡಿ. ಬೇರೆ ಸಂಶೋಧಕರು, ಕಿರಿಯ ವಿದ್ಯಾರ್ಥಿಗಳು, ಒಬ್ಬ ಪತ್ರಕರ್ತ. ಹಿಡಿದದ್ದು ಯಾವುದರಿಂದ? ಇನ್ನೂ ಹೆಚ್ಚು ದತ್ತಾಂಶದಿಂದ, ಇನ್ನೂ ಎಚ್ಚರದ ಅಳತೆಯಿಂದ. ತನ್ನ ತಪ್ಪಿನ ಪಟ್ಟಿಯನ್ನು ತಾನೇ ಪ್ರಕಟಿಸುವ ಜ್ಯೋತಿಷಿ ನಿಮಗೆ ಗೊತ್ತಾ? ಹವಾಮಾನ ಬದಲಾವಣೆ, ಲಸಿಕೆ, ಜೀವವಿಕಾಸ ಇವೆಲ್ಲ ಒಂದೊಂದು ಪ್ರಬಂಧದ ಮೇಲೆ ನಿಂತಿಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ವಿಧಾನ, ಪರಸ್ಪರ ಪೈಪೋಟಿಯಲ್ಲಿರುವ ತಂಡಗಳು ದಶಕಗಳ ಕಾಲ ಜಗಳಾಡಿ ಬಂದು ನಿಂತ ಜಾಗ ಅದು.

ಹಾಗಾಗಿ ಮುಂದಿನ ಸಲ ‘ಸಂಶೋಧನೆ ಹೇಳುತ್ತದೆ’ ಎಂಬ ಫಾರ್ವರ್ಡ್ ಬಂದಾಗ ಕೇಳಲು ಕೆಲವು ಪ್ರಶ್ನೆಗಳು:

1. ಎಷ್ಟು ಜನರ ಮೇಲೆ, ಎಂಥವರ ಮೇಲೆ? ಇಲಿಗಳ ಮೇಲೆ ನಡೆದದ್ದನ್ನು ಮನುಷ್ಯರದ್ದು ಎನ್ನುತ್ತಿದ್ದಾರಾ?
2. ಹೋಲಿಸಲು ಇನ್ನೊಂದು ಗುಂಪು ಇತ್ತಾ? ಯಾರು ಯಾವ ಗುಂಪಿಗೆ ಎಂದು ನಿರ್ಧರಿಸಿದ್ದು ಹೇಗೆ?
3. ಏನನ್ನು ಅಳೆಯುತ್ತೇವೆ ಎಂದು ಮೊದಲೇ ನೋಂದಾಯಿಸಿದ್ದರಾ?
4. ‘ಅಪಾಯ ಎರಡು ಪಟ್ಟು’ ಅಂದರೆ ಎಷ್ಟರಿಂದ ಎಷ್ಟಕ್ಕೆ? ಲಕ್ಷಕ್ಕೆ ಒಂದರಿಂದ ಎರಡಕ್ಕೆ ಏರಿದರೂ ಅದು ಎರಡು ಪಟ್ಟೇ.
5. ದುಡ್ಡು ಯಾರದ್ದು? ಫಲಿತಾಂಶದಿಂದ ಲಾಭ ಯಾರಿಗೆ?
6. ದತ್ತಾಂಶ ತೆರೆದಿಟ್ಟಿದ್ದಾರಾ?
7. ಸಂಬಂಧವೇ ಇಲ್ಲದ ಇನ್ನೊಂದು ತಂಡ ಮಾಡಿ ನೋಡಿದಾಗ ಅದೇ ಬಂತಾ?
8. ಪ್ರಬಂಧ ವಾಪಸ್ ಆಗಿದೆಯಾ? ‘ರಿಟ್ರಾಕ್ಷನ್ ವಾಚ್’ ಎಂಬ ಜಾಲತಾಣ 2010ರಿಂದ ಇದರ ಲೆಕ್ಕ ಇಡುತ್ತಿದೆ.

ಎಲ್ಲಕ್ಕೂ ಉತ್ತರ ಸಿಗುವುದಿಲ್ಲ. ಆದರೆ ಒಂದಕ್ಕೂ ಉತ್ತರ ಕೊಡಲು ಒಪ್ಪದವರು ಸಚಿವರಾಗಲಿ, ಕಂಪನಿಯಾಗಲಿ, ನಮ್ಮ ಕಡೆಯವರೇ ಆಗಲಿ, ‘ವೈಜ್ಞಾನಿಕ’ ಎಂಬ ಮಾತನ್ನು ಬಳಸಲು ಬಿಡಬಾರದು. ಕೊನೆಯದು ಸ್ವಲ್ಪ ಕಷ್ಟ. ನಮಗೆ ಒಪ್ಪಿಗೆಯಾಗುವ ಸಂಶೋಧನೆಗೂ ಇವೇ ಎಂಟು ಪ್ರಶ್ನೆಗಳನ್ನು ಕೇಳಬೇಕು. ಮಾರ್ಷ್‌ಮೆಲೋ ಬಗ್ಗೆ ನಾನು ಮೇಲೆ ಬರೆದದ್ದಕ್ಕೂ ಕೇಳಿ.